ಅಮ್ಮನ ಕುಂಡದ ಮಣ್ಣು

ಅಪ್ಪಾ,

ಆರಾಮಾಗಿದ್ದೀನಿ. ರಜೆಗೆ ಎಲ್ಲರೂ ಊರಿಗೆ ಹೋದರು, ಹಾಸ್ಟೆಲ್ಲಿನಲ್ಲಿ ನಾನೊಬ್ಬಳೇ. ಹಾಳಾದ ಕೆರೆಗೆ ಮತ್ತೆ ಜೀವ ತುಂಬೋದು ನಮ್ಮ ಕೋರ್ಸು. ಕೆರೆ ತಳದ ಮಣ್ಣನ್ನು ಟ್ರೇಯಲ್ಲಿ ಹರವಿ, ಏನೂ ಬಿತ್ತದೆ, ದಿನಾ ನೀರು ಹಾಕಬೇಕು. ಒಳಗೆ ಮಲಗಿರೋ ಹಳೇ ಬೀಜಗಳು ತಾವಾಗಿಯೇ ಏಳ್ತವಂತೆ. ಎಲ್ಲರ ಟ್ರೇ ಹಸಿರಾಯ್ತು, ನನ್ನದು ಬರೀ ಕೆಸರು. ಚೆಲ್ಲೋಕೆ ಹೊರಟಿದ್ದೆ. ಮೇಷ್ಟ್ರು ಬೈದರು: "ಅವಸರ ನಿನಗೆ, ಬೀಜಕ್ಕಲ್ಲ."

ನಿನ್ನೆ, ನಲವತ್ತೊಂದನೇ ದಿನ, ಒಂದು ಮೊಳಕೆ ಬಂತು. ಕೂಗಿ ತೋರಿಸೋಣ ಅಂದರೆ ಯಾರೂ ಇರಲಿಲ್ಲ.

ಅಮ್ಮ ಹೋದಮೇಲೆ ಬಾಲ್ಕನಿಯ ಕುಂಡಗಳನ್ನು ಖಾಲಿ ಮಾಡ್ತೀನಿ ಅಂದಿದ್ದೆಯಲ್ಲ, ಮಾಡಬೇಡ. ದಿನಾ ಒಂದೊಂದು ಲೋಟ ನೀರು ಹಾಕು. ಆಗಲೇ ಖಾಲಿ ಮಾಡಿಬಿಟ್ಟಿದ್ದರೆ ಬೇಜಾರಿಲ್ಲ. ಮಣ್ಣು ಎಲ್ಲಿ ಸುರಿದೆ ಅಂತ ಮಾತ್ರ ಬರಿ.

ನಿನ್ನ ಮಗಳು