ಸಿಡಿಲಮಲ್ಲ ಜಿಮ್ ಹುಡುಕಿದ್ದು

ಬಸವಕಲ್ಯಾಣ
ಸೋಮವಾರ, 9 ಡಿಸೆಂಬರ್ 2024

ನನ್ನ ಮನೆಯೊಡತಿ ಪಾರ್ವತಿಬಾಯಿಗೆ ಶರಣು.

ಹೇಗಿದ್ದೀ ಪಾರೂ? ಎಡತೊಡೆಯ ನೋವು ಇಳಿದಿದೆಯೇ? ಹೊಲಿಗೆ ಹಾಕಿದಲ್ಲಿ ತುರಿಕೆ ಇದೆ ಎಂದು ರೂಪಾಲಿ ಹೇಳಿದಳು, ಕೆರೆದುಕೊಳ್ಳಬೇಡ. ಗುಳಿಗೆಯನ್ನು ಊಟದ ಮೇಲೆ ನುಂಗು, ಮೊದಲಲ್ಲ. ನಿದ್ದೆ ಬರುತ್ತದೆಯೇ, ಅಥವಾ ನಿನ್ನ ತಮ್ಮ ಗುರುನಾಥನ ಗೊರಕೆ ಹುಲಸೂರ ದಾಟಿ ಮಹಾರಾಷ್ಟ್ರದವರನ್ನೂ ಎಬ್ಬಿಸುತ್ತಿದೆಯೇ? ಇಲ್ಲಿ ನಾನು ಕ್ಷೇಮ. ಭಾಂಡೆ-ಪಾತ್ರೆಯ ಅಂಗಡಿ ನಡೆಯುತ್ತಿದೆ. ನೀನು ಹೇಳಿದಂತೆ ಬಿಸಿನೀರು ಹಾಕಿಯೇ ಜೋಳದ ಹಿಟ್ಟು ನಾದುತ್ತೇನೆ, ಆದರೂ ನನ್ನ ರೊಟ್ಟಿಯನ್ನು ಅಂಗಡಿಯಲ್ಲಿ ಪಾತೇಲಿಯ ಮುಚ್ಚಳ ಎಂದು ಮಾರಬಹುದು, ಗಿರಾಕಿಗೆ ಅನುಮಾನ ಬಾರದು. ಫೋನು ಇರುವಾಗ ಕಾಗದ ಯಾಕೆ ಎನ್ನುತ್ತೀ. ನಿನ್ನ ಫೋನು ಬಚ್ಚಲಲ್ಲಿ ನಿನ್ನ ಜೊತೆಗೇ ಬಿದ್ದು ಸತ್ತಿತು. ಗುರುನಾಥನ ಫೋನಿಗೆ ಮಾಡಿದರೆ ಆ ಮಹಾರಾಯ ಸ್ಪೀಕರ್ ಹಾಕುತ್ತಾನೆ, ನಾನು 'ಪಾರೂ' ಎಂದರೆ ಆ ಕಡೆ ಏಳು ಜನ ನಗುತ್ತಾರೆ. ನಾನು ಹೇಳಬೇಕಾದದ್ದು ಏಳು ಜನರ ಮುಂದೆ ಹೇಳುವಂಥದ್ದಲ್ಲ. ಆದ್ದರಿಂದ ಈ ಕಾಗದ ಗುರುನಾಥನ ಮಗಳು ರೂಪಾಲಿಯ ಕಾಲೇಜು ಪುಸ್ತಕದೊಳಗೆ ಅಡಗಿ, ಹುಲಸೂರ ಬಸ್ಸು ಹತ್ತಿ ನಿನ್ನ ಹಾಸಿಗೆಗೆ ಬರುತ್ತದೆ. ಓದುವ ಮೊದಲು ದಿಂಬಿಗೆ ಒರಗಿ ಕುಳಿತುಕೋ. ನಾನು ನಿಂತು ಕೇಳಿದೆ, ತತ್ತರಿಸಿ ಹೋದೆ.

ಮೊದಲ ಅಂಕ ನಿನಗೆ ಗೊತ್ತಿರುವುದೇ, ಆದರೂ ನನ್ನ ಬಾಯಿಂದ ಒಮ್ಮೆ ಕೇಳು. ಅಕ್ಟೋಬರ್ ಕೊನೆಯ ದಿನಗಳು. ತೊಡೆಯ ಮುರಿದ ಎಲುಬಿಗೆ ಲೋಹದ ಪಟ್ಟಿ ಕೂರಿಸಿ ದವಾಖಾನೆಯವರು ನಿನ್ನನ್ನು ಬಿಟ್ಟರು. ನಮ್ಮ ಮನೆಯ ಮುಂದೆ ಗಾಡಿ ನಿಂತಿತು. ಇರುವುದು ಮೂರೇ ಮೆಟ್ಟಿಲು! ಗುರುನಾಥ ನೆರವಿಗೆ ಬಂದ, ನಾನು ಅವನನ್ನು ಎಡಗೈಯಿಂದ ಆಚೆ ಸರಿಸಿದೆ. ಓಣಿಯ ಮಂದಿ ನಿಂತು ನೋಡುತ್ತಿದ್ದಾರೆ. ಇಪ್ಪತ್ತೆರಡು ವರ್ಷ 'ಸಿಡಿಲಮಲ್ಲನ ಶಪಥ' ನಾಟಕದಲ್ಲಿ ದುರ್ಜಯ ರಾಕ್ಷಸನನ್ನು ತಲೆಯ ಮೇಲೆ ಎತ್ತಿ ತಿರುಗಿಸಿದ ಈ ಮಹಾರುದ್ರಪ್ಪನಿಗೆ ಹೆಂಡತಿ ಒಂದು ಭಾರವೇ? ಗಾಡಿಯ ಅಂಚಿಗೆ ಕುಳಿತು ನೀನು ನನ್ನ ಕೊರಳಿಗೆ ಕೈ ಹಾಕಿ ಏನೋ ಅಲುಗಾಡಿದೆ. ನಾನು ಗುಡುಗಿದೆ: "ಸುಮ್ನ ಇರು! ಎತ್ತಾಂವ ನಾ!" ನೀನು ಅಲುಗಾಡುವುದನ್ನು ನಿಲ್ಲಿಸಿದೆ. ಒಂದನೆಯ ಮೆಟ್ಟಿಲು ಹತ್ತಿದೆ. ಎರಡನೆಯದಕ್ಕೆ ಕಣ್ಣು ಕತ್ತಲಾಯಿತು. ಸಿಡಿಲಮಲ್ಲ ಹೆಂಡತಿಯನ್ನು ಮಡಿಲಲ್ಲಿ ಇಟ್ಟುಕೊಂಡು ಮೆಟ್ಟಿಲ ಮೇಲೆ ಕುಸಿದು ಕುಳಿತ. ನಿನಗೆ ಪೆಟ್ಟಾಗಲಿಲ್ಲ, ದೇವರು ದೊಡ್ಡವನು. ಆದರೆ ನೀನು ಕೂಗಿದ ಆ ಒಂದು ಕೂಗು ಇವತ್ತಿಗೂ ನನ್ನ ಕಿವಿಯಲ್ಲಿದೆ. ಗುರುನಾಥ ನಿನ್ನನ್ನು ಎತ್ತಿ ಅದೇ ಗಾಡಿಯಲ್ಲಿ ಮಲಗಿಸಿ, "ಭಾವಾ, ಸ್ಟೇಜಿನ ಮ್ಯಾಲ ಎತ್ತೋದ ಬ್ಯಾರೆ, ಮನ್ಯಾಗ ಎತ್ತೋದ ಬ್ಯಾರೆ. ದಿನಾ ಖಾಟ್ ಮ್ಯಾಲಿಂದ ಕುರ್ಚಿಗಿ, ಕುರ್ಚಿಯಿಂದ ಬಚ್ಚಲಕ್ಕ ಯಾರ್ ಎತ್ತತಾರ? ನಮ್ಮಕ್ಕ ನಮ್ಮ ಕಡೀನ ಇರ್ಲಿ" ಎಂದ. ನಾನು ನಿನ್ನ ಬಟ್ಟೆಯ ಚೀಲ ತಂದು ಗಾಡಿಯಲ್ಲಿ ಇಟ್ಟೆ. ನಾನು, ಪಾರೂ! ಸಿಡಿಲಮಲ್ಲ!

ಮೂರು ದಿನ ಕಳೆದ ಮೇಲೆ ಶಪಥ ಮಾಡಿದೆ, ಈ ಸಲ ಬಣ್ಣ ಹಚ್ಚದೆ. ತೂಕ ಎತ್ತುವುದನ್ನು ಕಲಿಯುತ್ತೇನೆ, ನಿನ್ನನ್ನು ಮನೆಗೆ ತರುತ್ತೇನೆ. ಬಸ್ ಸ್ಟ್ಯಾಂಡಿನ ಹಿಂದೆ ಮಹಡಿಯ ಮೇಲೆ ಸತೀಶಕುಮಾರ ಎಂಬ ಹುಡುಗ ಜಿಮ್ ತೆರೆದಿದ್ದಾನಲ್ಲ, ಅಲ್ಲಿಗೆ ಹೋದೆ. ಅಬ್ಬಾ! ನಾಲ್ಕೂ ಗೋಡೆಗೆ ಕನ್ನಡಿ. ಬಣ್ಣದ ಮನೆಯಲ್ಲಿ ನಮ್ಮ ಹದಿನಾರು ಜನಕ್ಕೆ ಇದ್ದದ್ದು ಒಂದು ಒಡಕು ಕನ್ನಡಿ. ಇಲ್ಲಿ ಒಬ್ಬೊಬ್ಬನಿಗೆ ನಾಲ್ಕು, ಆದರೂ ಎಲ್ಲರೂ ಫೋನಿನಲ್ಲಿ ಮುಖ ನೋಡಿಕೊಳ್ಳುತ್ತಿದ್ದಾರೆ. ಹಾಡು ಎಷ್ಟು ಜೋರೆಂದರೆ ನನ್ನ ಗಂಟಲೇ ಸೋತಿತು. ಸತೀಶಕುಮಾರ ಕೇಳಿದ, "ಅಂಕಲ್, ಹೊಟ್ಟಿ ಇಳಸೋದೊ, ಬಾಡಿ ಬೆಳಸೋದೊ? ತಿಂಗಳದ್ದು ಬ್ಯಾಡ್ರಿ, ವರ್ಷದ್ದ ತಗೋರಿ, ಟೀ ಶರ್ಟ್ ಫ್ರೀ." ಹೆಂಡತಿಯನ್ನು ಎತ್ತಬೇಕು ಎಂದು ಆ ಹುಡುಗರ ಮುಂದೆ ಹೇಳಲು ನಾಚಿಕೆಯಾಯಿತು. ಎಪ್ಪತ್ತು ಕಿಲೋ ಆಳನ್ನು ತಲೆಯ ಮೇಲೆ ಎತ್ತಿ ಮೂರು ಸುತ್ತು ತಿರುಗಿಸಿದವನು ನಾನು ಎಂದೆ. ಕೊಟ್ಟೆನಲ್ಲ ಪೆಟ್ಟು ಎಂದುಕೊಂಡೆ. ಅವನು ಗೌರವದಿಂದಲೇ ನಲವತ್ತು ಕಿಲೋ ತೂಕದ ಕಬ್ಬಿಣದ ಸಲಾಕೆ ಮುಂದಿಟ್ಟು, "ಹಂಗಾರ ಇದು ನಿಮಗ ಹೂವ ಇದ್ಹಂಗ, ಬರ್ರಿ" ಎಂದ. ಹಾಡು ನಿಲ್ಲಿಸಿದ! ಹುಡುಗರೆಲ್ಲ ಸುತ್ತ ನಿಂತರು. ಬಹಳ ವರ್ಷಗಳ ಮೇಲೆ ನನಗೊಂದು ಪ್ರೇಕ್ಷಕ ಸಭೆ ಸಿಕ್ಕಿತ್ತು. ಸಲಾಕೆ ಮೊಣಕಾಲಿನ ತನಕ ಬಂತು, ಅಲ್ಲಿಂದ ಮೇಲೆ ಬರಲಿಲ್ಲ. ಕನ್ನಡಿಯಲ್ಲಿ ನಾಲ್ಕು ದಿಕ್ಕಿನಿಂದ ನಾಲ್ಕು ಮಹಾರುದ್ರಪ್ಪಂದಿರು ಬಾಯಿ ತೆರೆದು ನನ್ನನ್ನೇ ನೋಡುತ್ತಿದ್ದರು.

ಅಲ್ಲಿಂದ ಅಬ್ದುಲ್ ಕರೀಂ ಉಸ್ತಾದರ ತಾಲೀಮಿಗೆ, ಅವರ ಕುಸ್ತಿಯ ಗರಡಿಗೆ ಹೋದೆ. ಕೆಂಪು ಮಣ್ಣಿನ ಕಣ, ಕಲ್ಲಿನ ಗುಂಡು, ಗೋಡೆಗೆ ಒರಗಿಸಿದ ಮರದ ಮುದ್ಗರ. ಇದು ನನ್ನ ಜಾಗ ಎನಿಸಿತು. ಉಸ್ತಾದರು ನಮ್ಮ ನಾಟಕ ಐದಾರು ಸಲ ನೋಡಿದವರು. ಅವರೊಬ್ಬರ ಹತ್ತಿರ ನಿಜ ಹೇಳಿದೆ. ಗಡ್ಡ ಸವರುತ್ತಾ ಕೇಳಿಸಿಕೊಂಡರು. "ರುದ್ರಪ್ಪಣ್ಣಾ, ನೀವ್ ಬಂದ್ರ ನನಗ ಖುಷಿನ. ಆದ್ರ ನಮ್ಮಲ್ಲಿ ಮಂದೀನ ಕೆಡವೋದು ಕಲಸ್ತೀವ್ರಿ, ಎತ್ತಿ ಮೆಲ್ಲಕ ಕುಂದರಸೋದು ಕಲಸಂಗಿಲ್ಲ. ಹುಮನಾಬಾದಿನ್ಯಾಗ ಪ್ರಣಿತಾ ಅಂತ ಒಬ್ಬಾಕಿ ಹುಡುಗಿ ಜಿಮ್ ಇಟ್ಟಾಳ. ನಮ್ಮ ತಂಗೀನ ಮೊಣಕಾಲ ಆಪರೇಷನ್ ಆದ ಮ್ಯಾಲ ನಡಸಿದಾಕಿ ಅಕಿನ. ಅಲ್ಲಿಗಿ ಹೋಗ್ರಿ" ಎಂದರು. ಕಲಿಸಲಾರೆ ಎಂದು ಒಬ್ಬ ಉಸ್ತಾದ ತಾನೇ ಹೇಳುವುದನ್ನು ನಾನು ಜನ್ಮದಲ್ಲಿ ಕೇಳಿರಲಿಲ್ಲ. ಅವರಿಗೆ ಕೈ ಮುಗಿದು ಮರುದಿನ ಬೆಳಗಿನ ಬಸ್ಸು ಹತ್ತಿದೆ.

ಹುಮನಾಬಾದಿಗೆ ಹೋದ ಮೇಲೆ ನಮ್ಮ ಹಣಮಂತನನ್ನು ಬಿಡಲಾದೀತೇ? ಇಪ್ಪತ್ತೆರಡು ವರ್ಷ ನನ್ನ ಕೈಯಲ್ಲಿ ಗಿರಗಿರ ತಿರುಗಿದ ದುರ್ಜಯ! ಈಗ ಮೀಸೆ ಬೆಳ್ಳಗಾಗಿದೆ, ಚಹಾದಂಗಡಿಯನ್ನು ಮಗನಿಗೆ ಬಿಟ್ಟಿದ್ದಾನೆ. ಹಿಂದಿನ ನನ್ನ ಬಲಕ್ಕೆ ಒಬ್ಬ ಸಾಕ್ಷಿ ಬೇಕಿತ್ತು, ಎಳೆದುಕೊಂಡು ಹೋದೆ. ಹೊರಡುವಾಗ ಅವನ ಮುಖ ಬಾಡಿದ್ದನ್ನು ನಾನು ಆಗ ಗಮನಿಸಲಿಲ್ಲ. ಪ್ರಣಿತಾಳ ಜಿಮ್ ಎಂದರೆ ತಗಡಿನ ಪತ್ರಾಸು ಹೊದಿಸಿದ ಒಂದು ಉದ್ದನೆಯ ಕೋಣೆ, ಕನ್ನಡಿ ಒಂದೇ. ಹತ್ತು ಗಂಟೆಯ ಮೇಲೆ ಹೆಂಗಸರು, ವಯಸ್ಸಾದವರು. ದುಬಲಗುಂಡಿಯಿಂದ ಬಂದ ಗಯಾಬಾಯಿ ಎಂಬ ಮುದುಕಿ ಕಚ್ಚೆ ಸೀರೆಯಲ್ಲೇ ಸಲಾಕೆ ಎತ್ತುತ್ತಿದ್ದಳು. "ಹ್ಯಾಂಗ ನೋಡತಿ ತಮ್ಮಾ, ನಾಟಕ ನಡದದೇನು ಇಲ್ಲಿ?" ಎಂದು ನನ್ನನ್ನೇ ಗದರಿಸಿದಳು. ಪ್ರಣಿತಾ ತಿಂಗಳದ್ದೋ ವರ್ಷದ್ದೋ ಎಂದು ಕೇಳಲಿಲ್ಲ. "ಏನ್ ಎತ್ತಬೇಕ್ರಿ ಕಾಕಾ?" ಎಂದು ಕೇಳಿದಳು. ಪಾರೂ, ಆ ಒಂದು ಪ್ರಶ್ನೆಗೇ ನಾನು ಅಲ್ಲಿ ಹೆಸರು ಬರೆಸಲು ನಿಶ್ಚಯಿಸಿದೆ. ಹೆಂಡತಿಯನ್ನು ಎಂದೆ. ಯಾರೂ ನಗಲಿಲ್ಲ. ಇವನನ್ನು ಇಪ್ಪತ್ತೆರಡು ವರ್ಷ ಎತ್ತಿದ್ದೇನೆ ಎಂದು ಹಣಮಂತನನ್ನು ಮುಂದೆ ದೂಡಿದೆ. "ಎತ್ತಿ ತೋರಸ್ರಿ, ತಲಿ ಮ್ಯಾಲ ಬ್ಯಾಡ, ನೆಲಾ ಬಿಡಸ್ರಿ ಸಾಕು" ಎಂದಳು.

ಹಿಡಿದೆ. ಎಳೆದೆ. ಹಲ್ಲು ಕಚ್ಚಿದೆ. ಬಾಡಿ ಕಡ್ಡಿಯಾದ ಹಣಮಂತ ನೆಲದಲ್ಲಿ ನೆಟ್ಟ ಕಂಬದ ಹಾಗೆ ನಿಂತೇ ಇದ್ದಾನೆ! ಗಯಾಬಾಯಿ ಸೆರಗು ಬಾಯಿಗೆ ಹಿಡಿದಳು. ಆಗ ನನಗೆ ನಾಟಕದ ನೆನಪಾಯಿತು. ನಾನು ಎತ್ತುವ ಮೊದಲು ತಬಲಾದ ಮೇಲೆ ಮೂರು ಪೆಟ್ಟು ಬೀಳುತ್ತಿತ್ತಲ್ಲ, ಆವೇಶ ಬರುತ್ತಿದ್ದದ್ದೇ ಅದರಿಂದ. "ಮೂರು ಚಪ್ಪಾಳೆ ಹೊಡಿ ಮಗಳೇ" ಎಂದೆ. ಹಣಮಂತ, "ಬ್ಯಾಡ ರುದ್ರಪ್ಪಾ, ಬ್ಯಾಡೋ" ಎಂದ. ಅವಳು ಹೊಡೆದಳು. ಒಂದು. ಎರಡು. ಮೂರು! ಮೂರನೆಯದಕ್ಕೆ ಹಣಮಂತ ನನ್ನ ಕೈಯಲ್ಲಿ ಹತ್ತಿಯ ಹಾಗೆ ಮೇಲೆ ಬಂದ. ಗೆದ್ದೆ ಎಂದು ಕೂಗಲು ಬಾಯಿ ತೆರೆದೆ. ಪ್ರಣಿತಾ ಶಾಂತವಾಗಿ ಹೇಳಿದಳು: "ಕಾಕಾ, ನೀವ್ ಎತ್ತಲಿಲ್ರಿ. ಅವರೇ ಎಗರಿದ್ರು."

ನನ್ನ ಕೈಯಿಂದ ದುರ್ಜಯ ಜಾರಿದ. ನಾನು ಅವನನ್ನು ನೋಡಿದೆ, ಅವನು ನೆಲ ನೋಡಿದ. "ಏನ್ ಮಾಡ್ಲಿ, ಆ ಮೂರನೇ ಪೆಟ್ಟ ಬಿದ್ರ ನನ್ನ ಕಾಲ ನನ್ನ ಮಾತ ಕೇಳಂಗಿಲ್ಲ" ಎಂದ. ಇಪ್ಪತ್ತೆರಡು ವರ್ಷವೂ? "ಹೌದಪಾ, ಇಪ್ಪತ್ತೆರಡೂ ವರ್ಷ. ಎಗರಿ ನಿನ್ನ ಹೆಗಲಿಗೆ ಕೈ ಊರತಿದ್ದೆ, ಉಳದದ್ದು ನೀ ತಿರಗಸತಿದ್ದಿ." ಮಂಠಾಳದಲ್ಲಿ, ಹುಲಸೂರಿನಲ್ಲಿ ಸಾವಿರ ಜನ ಎದ್ದು ನಿಂತು ಶಿಳ್ಳೆ ಹೊಡೆದದ್ದು ಈ ಮುದುಕನ ಕಾಲಿಗೆ, ನನ್ನ ತೋಳಿಗಲ್ಲ! ಯಾಕೆ ಹೇಳಲಿಲ್ಲ ಎಂದು ನಾನು ಅಬ್ಬರಿಸಿದ್ದಕ್ಕೆ ಪತ್ರಾಸು ನಡುಗಿತು. ಆಗ ಅವನು ಹೇಳಿದ್ದು ಕೇಳು. ಕೇಳುವುದೇನು, ನಿನಗೇ ಗೊತ್ತು! "ಪಾರ್ವತಿ ವೈನಿ ಬ್ಯಾಡ ಅಂದಿದ್ರು. ಮೊದಲನೇ ಆಟ ಮುಗದ ಕೂಡ್ಲೇ ಬಣ್ಣದ ಮನಿಗಿ ಬಂದು, 'ಹಣಮಂತಣ್ಣಾ, ನೀವ್ ಎಗರೋದು ನಾ ನೋಡೀನಿ. ಎಗರ್ರಿ, ಆದ್ರ ಅವರಿಗಿ ಹೇಳಬ್ಯಾಡ್ರಿ' ಅಂತ ಕೈ ಮುಗದ್ರು."

ಪಾರೂ! ಬ್ರಹ್ಮಾಂಡ ಬಿರಿಯಿತು ಎಂದು ನಾನು ಸ್ಟೇಜಿನ ಮೇಲೆ ಎಷ್ಟು ಸಲ ಕೂಗಿದ್ದೇನೆ, ಅದರ ಅರ್ಥ ತಿಳಿದದ್ದು ಅವತ್ತು. ಹೆಂಗಸರ ಸಾಲಿನ ಮುಂದೆ ಕುಳಿತು, ನಾನು ಎತ್ತಿದಾಗಲೆಲ್ಲ ಎಲ್ಲರಿಗಿಂತ ಮೊದಲು ಚಪ್ಪಾಳೆ ಹೊಡೆದವಳು ನೀನು! ಪ್ರತಿ ದೀಪಾವಳಿಗೆ ಹಣಮಂತನ ಮನೆಗೆ ಹೋಳಿಗೆಯ ಡಬ್ಬಿ ಕಳಿಸಿ, 'ನಿಮ್ಮ ಗೆಳ್ಯಾ ಅಲ್ರಿ' ಎಂದವಳು ನೀನು! ಹುಮನಾಬಾದಿನಿಂದ ಬಸವಕಲ್ಯಾಣದ ತನಕ ಬಸ್ಸಿನಲ್ಲಿ ನಾನು ಕೋಪದಿಂದ ಕುದಿಯುತ್ತಲೇ ಬಂದೆ. ಮನೆಯ ಮುಂದೆ ಇಳಿದೆ. ಮೂರು ಮೆಟ್ಟಿಲು ಕಂಡವು. ಅಲ್ಲೇ ಕುಳಿತುಬಿಟ್ಟೆ. ಯಾಕೆಂದರೆ ನೀನು ಅವತ್ತು ಅಲುಗಾಡಿದ್ದು ಏನೆಂದು ಆಗ ಹೊಳೆಯಿತು. ಹೊಸ ಹೊಲಿಗೆ, ಮುರಿದ ತೊಡೆ, ಆದರೂ ನೀನು ಬಲಗಾಲನ್ನು ನೆಲಕ್ಕೆ ಒತ್ತಿದ್ದೆ. ಹಣಮಂತನಂತೆ ನೀನೂ ಎಗರಲು ನೋಡಿದ್ದೆ. ನಾನು, ಮೂರ್ಖ ಮಲ್ಲ, 'ಸುಮ್ನ ಇರು' ಎಂದು ಗುಡುಗಿ ನಿನ್ನನ್ನು ತಡೆದೆ.

ಅಂದಿನಿಂದ ಸೋಮವಾರ, ಬುಧವಾರ, ಶುಕ್ರವಾರ ಹುಮನಾಬಾದಿಗೆ ಹೋಗುತ್ತೇನೆ. ಸತೀಶಕುಮಾರನ ಜಿಮ್ ಮನೆಗೆ ಹತ್ತಿರ, ನಿಜ. ಆದರೆ ನನಗೆ ಬೇಕಾದದ್ದು ಪ್ರಣಿತಾಳ ಹತ್ತಿರವೇ ಇದೆ. ಒಂದು ತಿಂಗಳಾಯಿತು. ಭಾರವನ್ನು ಸೊಂಟದಿಂದಲ್ಲ, ಕಾಲಿನಿಂದ ಎತ್ತಬೇಕು, ಎದೆಗೆ ಹತ್ತಿರ ಹಿಡಿಯಬೇಕು ಎಂದು ಪ್ರಣಿತಾ ಗಯಾಬಾಯಿಯ ಮುಂದೆಯೇ ಬೈದು ಕಲಿಸಿದ್ದಾಳೆ. ಆ ನಲವತ್ತು ಕಿಲೋ ಸಲಾಕೆ ಈಗ ಮೊಣಕಾಲು ದಾಟಿ ಮೇಲೆ ಬರುತ್ತದೆ. ನಿನ್ನ ತೂಕದ ತನಕ ಇನ್ನೂ ಬಂದಿಲ್ಲ, ಸುಳ್ಳು ಹೇಳುವುದಿಲ್ಲ. ಖಾಟಿನಿಂದ ಕುರ್ಚಿಗೆ ಪೇಷಂಟನ್ನು ಎಬ್ಬಿಸುವ ಪಾಠಕ್ಕೆ ಹಣಮಂತನೇ ಪೇಷಂಟು. ಒಂದು ಕಾಲು ಎತ್ತಿಕೊಂಡು ಕುಳಿತು ನಿನ್ನ ಪಾತ್ರ ಮಾಡುತ್ತಾನೆ, ನಿನ್ನಂತೆಯೇ ನರಳುತ್ತಾನೆ, ರಾಕ್ಷಸ ಪಾತ್ರಕ್ಕಿಂತ ಇದೇ ಚೆನ್ನಾಗಿ ಮಾಡುತ್ತಾನೆ. ಡಾಕ್ಟರರನ್ನೂ ಕಂಡು ಬಂದೆ. ಬಲಗಾಲಿನ ಮೇಲೆ ಪೂರ್ತಿ ಭಾರ ಹಾಕಲು ಅಡ್ಡಿಯಿಲ್ಲ, ಎಡಗಾಲು ಮಾತ್ರ ನೆಲಕ್ಕೆ ಮುಟ್ಟಿಸಿದಂತಿರಲಿ ಎಂದಿದ್ದಾರೆ.

ಗುರುನಾಥನಿಗೂ ಅವನ ಮನೆಯವರಿಗೂ ಶರಣು ಹೇಳು. ಅವನ ಮೇಲೆ ನನಗೆ ಸಿಟ್ಟಿಲ್ಲ, ಅವನು ಹೇಳಿದ್ದು ಅಕ್ಷರಶಃ ನಿಜ. ರೂಪಾಲಿಗೆ ಆಶೀರ್ವಾದ, ಪರೀಕ್ಷೆಯ ತನಕ ಈ ಟಪಾಲಿನ ಕೆಲಸ ಸಾಕು ಎಂದು ಹೇಳು. ನಿನ್ನ ಕಾಲು ಬೇಗ ನೆಲ ಹಿಡಿಯಲಿ.

ಇಂತಿ ನಿನ್ನವನು,
ಮಹಾರುದ್ರಪ್ಪ

ತಾ.ಕ.: ರೂಪಾಲಿ ಬಾಗಿಲಲ್ಲಿ ನಿಂತು ಬಸ್ಸು ಹೋಗುತ್ತದೆ ಎಂದು ಕುಣಿಯುತ್ತಿದ್ದಾಳೆ, ಬೇಗ ಬರೆಯುತ್ತೇನೆ. ಗುರುವಾರ ಗಾಡಿ ತರುತ್ತೇನೆ. ಹಣಮಂತ ಬರುತ್ತಾನೆ, ಕುರ್ಚಿ ಹಿಡಿಯಲು ಮಾತ್ರ. ನಮ್ಮ ಮೂರು ಮೆಟ್ಟಿಲ ಮುಂದೆ ನೀನು ನನ್ನ ಕೊರಳಿಗೆ ಕೈ ಹಾಕು. ನಾನು ನಿನ್ನ ಬೆನ್ನಿನ ಮೇಲೆ ಮೆಲ್ಲಗೆ ಮೂರು ಸಲ ತಟ್ಟುತ್ತೇನೆ. ಮೂರನೆಯದಕ್ಕೆ ಬಲಗಾಲು ಒತ್ತಿ ನೀನು ಏಳಬೇಕು, ಉಳಿದದ್ದು ನಾನು. ಒಬ್ಬನಿಂದಲೇ ಆಗುವುದಿಲ್ಲ ಪಾರೂ, ಎಂದೂ ಆಗಿರಲಿಲ್ಲ. ಎಗರುತ್ತೀಯಾ? ಮನಸ್ಸಿಲ್ಲದಿದ್ದರೆ ರೂಪಾಲಿಯ ಕೈಯಲ್ಲಿ ಹೇಳಿ ಕಳಿಸು, ಗಾಡಿ ತರುವುದಿಲ್ಲ. ಎಗರುವುದಾದರೆ, ಈ ಸಲ ನನಗೆ ಹೇಳಿಯೇ ಎಗರು.