ತರವಾಡಿನ ದೀಪಕ್ಕೊಬ್ಬಳು ಹುಡುಗಿ

ಅಲ್ ಹೈಲ್, ಮಸ್ಕತ್
ಶುಕ್ರವಾರ, 14 ನವೆಂಬರ್ 2025

ಸುಮಿತಣ್ಣನಿಗೆ, ಹನ್ನೊಂದು ವರ್ಷದ ಮೇಲೆ ನಿನಗೆ ನೆನಪಾದ ತಂಗಿಯ ನಮಸ್ಕಾರ.

ನೀನು ಮಾಡಿಸಿದ ಪುಸ್ತಕ ಊರಿಂದ ಬಂದವರ ಕೈಯಲ್ಲಿ ತಲುಪಿತು. ನಮ್ಮ ತರವಾಡಿನ, ಹಿರಿಯರ ಮೂಲಮನೆಯ ಚರಿತ್ರೆ, ಬಣ್ಣದ ಮುಖಪುಟ, ಚಂದ ಉಂಟು. ಸಂಕಪ್ಪ ಮಾವ ಇಲ್ಲೇ ಹತ್ತಿರದ ಬರ್ಕಾದಲ್ಲಿ ಟೈಲರ್ ಅಂಗಡಿ ಇಟ್ಟ ಕಥೆಯನ್ನೇ ಮೊದಲು ಓದಿದೆ. ಅತ್ತಿಗೆ ಫೋನ್ ಮಾಡಿ ಕೇಳಿದರೆಂದು ರಜೆಯ ದಿನವೆಲ್ಲ ಬರ್ಕಾಕ್ಕೆ ಹೋಗಿ, ಅಲ್ಲಿಯ ಸೂಕಿನಲ್ಲಿ, ಹಳೆ ಪೇಟೆಯಲ್ಲಿ, ಮುದುಕರನ್ನು ಮಾತಾಡಿಸಿ, ಅದನ್ನು ಬರೆದು ಕಳಿಸಿದವಳು ನಾನು. ಅಡಿಯಲ್ಲಿ ಹೆಸರು ಮಾತ್ರ ನಿನ್ನದು. ಕೈ ಕೆಸರು ನನಗೆ, ಬಾಯಿ ಮೊಸರು ನಿನಗೆ. ಹೋಗಲಿ.

ಆದರೆ ಕೊನೆಯ ಪುಟದ ವಂಶವೃಕ್ಷ ನೋಡಿ ಹೊಟ್ಟೆ ಉರಿಯಿತು ಅಣ್ಣ. ನೀನಿದ್ದೀ, ಅತ್ತಿಗೆ ಇದ್ದಾರೆ, ನಿನ್ನ ಇಬ್ಬರು ಗಂಡುಮಕ್ಕಳಿದ್ದಾರೆ. ನಾನಿಲ್ಲ, ಹತ್ತು ವರ್ಷದ ನನ್ನ ತೃಷಾ ಇಲ್ಲ. ಕಾರಣ ಊರಿಗೇ ಗೊತ್ತುಂಟು. ನಮ್ಮ ಗದ್ದೆಯಲ್ಲಿ ದುಡಿದು, ಅಂಗಳದಾಚೆ ಕೂತು ಗಂಜಿ ಕುಡಿಯುತ್ತಿದ್ದ ತುಕ್ರನ ಮಗ ಹರ್ಷಿತ್‌ನನ್ನು ನಾನು ಮದುವೆಯಾದೆ.

ಪುಸ್ತಕದ ಜೊತೆ ನಿನ್ನ ಕಾಗದ ಬೇರೆ! ತರವಾಡು ಮನೆಯ ದೀಪವನ್ನು ನಮ್ಮ ಬಳಿಯ, ನಮ್ಮದೇ ಗೋತ್ರದ ಹೆಣ್ಣುಮಗುವೇ ಹಚ್ಚಬೇಕೆಂದು ಪ್ರಶ್ನೆ ಇಟ್ಟು ಕವಡೆ ನೋಡಿದ ಜೋಯಿಸರು ಹೇಳಿದರಂತೆ. ಬಳಿ ನಮ್ಮಲ್ಲಿ ತಾಯಿಯಿಂದ ಬರುವುದು. ನಿನ್ನ ಮಕ್ಕಳದ್ದು ಅತ್ತಿಗೆಯ ಬಳಿ. ಅಮ್ಮನಿಗೆ ನಾನೊಬ್ಬಳೇ ಮಗಳು, ನನಗೆ ತೃಷಾ ಒಬ್ಬಳೇ. ಪುಸ್ತಕಕ್ಕೆ ಬೇಡವಾದವಳು ಈಗ ದೀಪಕ್ಕೆ ಬೇಕು. ಎಂತ ಅವಸ್ಥೆ ಮಾರಾಯ!

ಮಗುವನ್ನು ಕರೆದುಕೊಂಡು ಬಾ, ಹರ್ಷಿತ್ ಮಾತ್ರ ಬೇಡ, ಊರವರು ನಾಲ್ಕು ಮಾತಾಡುತ್ತಾರೆ ಎಂದು ಬರೆದಿದ್ದೀ. ಆ ಕಾಗದವನ್ನು ಮೊದಲು ಒಡೆದು ಓದಿದ್ದು ನನ್ನ ಗಂಡನೇ. ನೀವಿಬ್ಬರೂ ಹೋಗಿ ಬನ್ನಿ, ನಾನು ಪೇಟೆಯಲ್ಲಿ ಲಾಡ್ಜ್ ಮಾಡಿಕೊಂಡು ಇರುತ್ತೇನೆ ಎಂದರು. ಅವರಿಗೆ ಸಿಟ್ಟೂ ಬರಲಿಲ್ಲ. ಅದನ್ನು ನೋಡಿಯೇ ನನಗೆ ಅಳು ಬಂತು.

ತೃಷಾ ಬರುವುದಿಲ್ಲ. ಅಪ್ಪನನ್ನು ಗೇಟಿನ ಹೊರಗೆ ನಿಲ್ಲಿಸಿ ಮಗಳು ಒಳಗೆ ದೀಪ ಹಚ್ಚಬೇಕಾದರೆ, ಆ ಮನೆ ಕತ್ತಲೆಯಲ್ಲೇ ಇರಲಿ. ಖಲಾಸ್. ಚಾವಡಿಯ ಹಳೆ ಕಾಲುದೀಪ ಕಾಣೆಯಾಯಿತೆಂದು ಹೊಸದು ಮಾಡಿಸಿದ್ದೀಯಂತೆ. ಅದನ್ನು ನೀನೇ ಹಚ್ಚಿಕೋ.

ನಿನ್ನ ಪುಸ್ತಕದಲ್ಲಿ ಹುಟ್ಟದ ತಂಗಿ,
ಸ್ವರ್ಣಲತಾ

ತಾ.ಕ.: ಹಳೆ ದೀಪವನ್ನು ಇನ್ನು ಹುಡುಕಬೇಡ. ನಾನು ಮನೆ ಬಿಟ್ಟ ದಿನ ಅಮ್ಮನೇ ಅದನ್ನು ತನ್ನ ಸೀರೆಯಲ್ಲಿ ಸುತ್ತಿ ನನ್ನ ಚೀಲದೊಳಗೆ ಇಟ್ಟದ್ದು. ನಿನಗೆ ಹೇಳಬಾರದೆಂದು ಆಣೆ ಹಾಕಿಸಿದ್ದರು. ಅಮ್ಮನೇ ಹೋದ ಮೇಲೆ ಇನ್ನೆಂತ ಆಣೆ? ದಿನಾ ಸಂಜೆ ಇಲ್ಲಿ ತೃಷಾ ಅದನ್ನು ಹಚ್ಚುತ್ತಾಳೆ. ಎಣ್ಣೆ ಹಾಕುವುದು ತುಕ್ರನ ಮಗ.