ನಿಮ್ಮ ಹೆಸರಿನ ಮುಂದ

ಶುಭದಾಳ ಅಪ್ಪಗ,

ನೀವು ಎಲ್ಲಿದ್ದೀರಿ ಗೊತ್ತಿಲ್ಲ, ಅದಕ್ಕ ಲಕೋಟಿ ಮ್ಯಾಲೆ ವಿಳಾಸ ಬರದಿಲ್ಲ.

ನಿಮ್ಮ ಮಗಳಿಗೆ ಹದಿನೇಳು ತುಂಬ್ಯಾವ. ಕಾಲೇಜು ಮುಗಿಸಿ ಸಂಜಿಕಿ ಇಲ್ಲೇ ಕಲಬುರಗ್ಯಾಗ ಸೀರಿ ಅಂಗಡಿ ಕೆಲಸಕ್ಕ ಹೋಗ್ತಾಳಂತ. ಇವತ್ತು ಇಬ್ಬರೂ ಕುಂತು ಬಯೋಡಾಟಾ ಬರದ್ವಿ. ತಂದೆಯ ಹೆಸರು ಅನ್ನೋ ಕಡೆ ಆಕಿ ‘ಲೇಟ್ ಮುಕುಂದ’ ಅಂತ ಬರದಳು.

“ಏನವಾ ಇದು?” ಅಂದೆ.

“ಅಪ್ಪ ಎಲ್ಲಿ ಅದಾರ ಅಂತ ಕೇಳಿದ್ರ ಏನ್ ಹೇಳ್ಲಿ? ಹಿಂಗ ಬರದ್ರ ಯಾರೂ ಕೇಳಂಗಿಲ್ಲ.”

ನಾ ಅಳಸಲಿಲ್ಲ.

ನಕಲು ತಗಸಾಕ ಹೋದಾಗ ಝೆರಾಕ್ಸ್ ಅಂಗಡಿಯವ ಅದನ್ನ ಓದಿದ. ನನ್ನ ಹಣಿ ಮ್ಯಾಲಿನ ಕುಂಕುಮ ನೋಡಿದ. “ಯಾವಾಗ ತೀರಿಕೊಂಡ್ರೀ?” ಅಂದ.

“ಆರು ವರ್ಷಾತ್ರಿ” ಅಂದುಬಿಟ್ಟೆ. ಕಮಲಾಪುರ ಬಸ್ ಸ್ಟ್ಯಾಂಡಿನಾಗ ನಮ್ಮಿಬ್ಬರನ್ನ ಕುಂದ್ರಿಸಿ, ‘ಈಗ ಬಂದೆ’ ಅಂತ ನೀವು ಹೋಗಿ ಅಷ್ಟೇ ವರ್ಷಾತು.

ಅವಾಗಿಂದ ಕುಂಕುಮ ಒರಸಾಕೂ ಅಂಜಿಕಿ, ಇಟ್ಟುಕೊಳ್ಳಾಕೂ ಅಂಜಿಕಿ. ನನ್ನ ಬಾಯಿಂದನ ಅದು ಬಂತಲ್ರೀ.

ಇಷ್ಟು ದಿನ ಬಾಗಲ ಸಪ್ಪಳಾದ್ರ ನೀವೇ ಅಂತ ಎದ್ದು ಓಡ್ತಿದ್ದೆ. ಶುಭದಾ ಇಲ್ಲೇ ಬಾಜೂಕ ಕುಂತಾಳ. ಈಗ ಹೊರಗ ಯಾರೋ ಬಾಗಲ ಬಡ್ಯಾಕತ್ತಾರ.

ಇಬ್ಬರೂ ಎದ್ದಿಲ್ಲ.